ಸಮುದ್ರದಲ್ಲಿ ಬೀಳುವ ಹರಕೆ

ನನ್ನ ರಜೆ ಅರ್ಜಿಗೆ ನಮ್ಮ ಪ್ರಿನ್ಸಿಪಾಲರು ಎದ್ದು ನಿಂತು ಸಹಿ ಹಾಕಿದರು.

ಉತ್ಪ್ರೇಕ್ಷೆ ಅಲ್ಲ ಕಣ್ರೀ, ನಿಜಕ್ಕೂ ಎದ್ದು ನಿಂತರು. ಹಾಸನದಿಂದ ಹೊಳೆನರಸೀಪುರಕ್ಕೆ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಪಾಠ ಮಾಡುವ ನಾನು ಒಂದೇ ಒಂದು ದಿನ ರಜೆ ಕೇಳಿದರೂ ಇವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸುತ್ತಾರೆ. ಯಾಕೆ, ಏನು, ನಿಮ್ಮ ಕ್ಲಾಸ್ ಯಾರು ತಗೋತಾರೆ ಎಂದು ಪೊಲೀಸ್ ವಿಚಾರಣೆ. ಹೋದ ವರ್ಷ ಜ್ವರ ಬಂದು ಮಲಗಿದ್ದಾಗ ಫೋನ್ ಮಾಡಿ, ಥರ್ಮಾಮೀಟರ್ ಇಟ್ಟು ನೋಡಿದ್ರಾ ಎಂದು ಕೇಳಿದ ಮಹಾನುಭಾವರು. ಅಂಥವರು ಮೊನ್ನೆ ನನ್ನ ಅರ್ಜಿಯಲ್ಲಿ 'ಒಂದು ವಾರ' ಎಂಬುದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಅದರ ಪಕ್ಕದಲ್ಲೇ 'ರಾಮೇಶ್ವರ' ಎಂದು ಇದ್ದುದನ್ನು ನೋಡಿದರು. ಗಂಟು ಬಿಚ್ಚಿಕೊಂಡಿತು.

"ಹೋಗ್ಬನ್ನಿ ಅಮ್ಮಾ, ಧಾರಾಳವಾಗಿ ಹೋಗ್ಬನ್ನಿ. ಇಷ್ಟು ದಿನ ಯಾಕೆ ಹೋಗ್ಲಿಲ್ಲ ಅಂತೀನಿ! ನಮ್ಮ ಚಿಕ್ಕಮ್ಮನ ಮಗಳಿಗೆ ಅಲ್ಲಿಗೆ ಹೋಗಿ ಬಂದ ಮೇಲೇ ಆಗಿದ್ದು. ಎರಡೂ ಗಂಡು."

"ಸಾರ್, ನಾನು ಹೋಗ್ತಾ ಇರೋದು..."

"ಉಹ್ಞೂಂ, ಏನೂ ಹೇಳ್ಬೇಡಿ. ಸಂಕಲ್ಪಾನ ಬಾಯಿಬಿಟ್ಟು ಹೇಳಬಾರದು." ದೇವಸ್ಥಾನದ ಬೀದಿಯಲ್ಲೇ ಹುಟ್ಟಿ ಬೆಳೆದವರು ಅವರು. ಕೈಮುಗಿದು ಸಹಿ ಹಾಕಿದರು.

ಪೇಪರಿನ ಈ ಅಂಕಣದ ಹಳೆಯ ಓದುಗರಿಗೆ ಗೊತ್ತೇ ಇದೆ, ನಮಗೆ ಮಕ್ಕಳಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ಅಲೆಯುವಷ್ಟು ಅಲೆದೆವು, ಅಳುವಷ್ಟು ಅತ್ತೆವು. ಒಂದು ದಿನ ಗಂಡ ಹೆಂಡತಿ ಇಬ್ಬರೂ ಕೂತು, ಇನ್ನು ಸಾಕು, ಇರುವುದರಲ್ಲಿ ಚೆನ್ನಾಗಿರೋಣ ಎಂದುಕೊಂಡೆವು. ಆ ಮಾತು ಆಗಿಯೇ ಎಷ್ಟೋ ವರ್ಷವಾಗಿದೆ. ನಮಗೆ ಮುಗಿದ ವಿಷಯ. ಊರಿಗೆ ಮಾತ್ರ ಮುಗಿಯುತ್ತಲೇ ಇಲ್ಲ.

ನಾನು ರಾಮೇಶ್ವರಕ್ಕೆ ಹೊರಟಿದ್ದು ವಿಂಡ್‌ಸರ್ಫಿಂಗ್ ಮಾಡಲು.

ಹಾಗೆಂದರೇನು ಎನ್ನುವವರಿಗೆ ಚುಟುಕಾಗಿ ಹೇಳುತ್ತೇನೆ. ನೀರಿನ ಮೇಲೆ ಉದ್ದದ ಹಲಗೆ. ಅದರ ನಡುವೆ ಸಿಕ್ಕಿಸಿದ ಒಂದು ಹಾಯಿ. ಹಲಗೆಯ ಮೇಲೆ ನಿಂತು, ಎರಡೂ ಕೈಯಲ್ಲಿ ಹಾಯಿ ಹಿಡಿದು ಗಾಳಿಗೆ ಒಡ್ಡಬೇಕು. ಗಾಳಿ ಮನಸ್ಸು ಮಾಡಿದರೆ ಸುಯ್ಯನೆ ಓಡುತ್ತೀರಿ. ಮನಸ್ಸು ಮಾಡದಿದ್ದರೆ ದಬಕ್ಕನೆ ಬೀಳುತ್ತೀರಿ. ಅಷ್ಟೇ ಆಟ.

ನನಗೆ ಇದರ ಹುಚ್ಚು ಹಿಡಿದಿದ್ದು ಗೊರೂರಿನಲ್ಲಿ. ಹಾಸನದ ಕಾಲೇಜಿನಲ್ಲಿ ಓದುವಾಗ ಹೇಮಾವತಿ ಹಿನ್ನೀರಿನಲ್ಲಿ ಒಂದು ಸಾಹಸ ಶಿಬಿರ ನಡೆದಿತ್ತು. ಯಾರೋ ಎಲ್ಲಿಂದಲೋ ಒಂದು ಹಳೆಯ ಹಲಗೆ, ತೇಪೆ ಹಾಕಿದ ಹಾಯಿ ತಂದಿದ್ದರು. ಹುಡುಗರೆಲ್ಲ ಬಿದ್ದು ಬಿದ್ದು ಎದ್ದರು. ಹುಡುಗಿಯರು ಬೇಡ ಎಂದು ದಡದಲ್ಲೇ ಕೂತರು. ನಾನು ಹತ್ತಿದೆ. ಆಷಾಢದ ಗಾಳಿ, ಡ್ಯಾಮಿನ ಕಡೆಯಿಂದ ಬೀಸುತ್ತಿತ್ತು. ಬಿದ್ದೆ, ಹತ್ತಿದೆ, ಮತ್ತೆ ಬಿದ್ದೆ. ಕೊನೆಗೊಮ್ಮೆ ನಿಂತೆ ನೋಡಿ! ಹಾಯಿ ತುಂಬಿಕೊಂಡಿತು, ಹಲಗೆ ಹೊರಟಿತು. ದಡದಲ್ಲಿ ಮೀನಿಗೆ ಬಲೆ ಹಾಕುತ್ತಿದ್ದವನು, "ಅಯ್ಯಯ್ಯೋ, ಆ ಉಡುಗಿ ನೀರ್ ಮ್ಯಾಲೆ ನಿಂತ್ಕಂಡು ಓಯ್ತಾವ್ಳೆ ಕಣ್ರಲಾ!" ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಜೀವನದಲ್ಲಿ ನನ್ನನ್ನು ನೋಡಿ ಯಾರಾದರೂ ಹಾಗೆ ಬೆರಗಾಗಿದ್ದು ಅದೊಂದೇ ಸಲ. ಆಮೇಲೆ ಪರೀಕ್ಷೆ, ಕೆಲಸ, ಮದುವೆ, ಆಸ್ಪತ್ರೆ. ಹಲಗೆ ಮತ್ತೆ ಸಿಗಲಿಲ್ಲ.

ಈ ವರ್ಷ ಹಾಸನದ ಸೈಬರ್ ಸೆಂಟರಿನಲ್ಲಿ ನಮ್ಮ ವಿದ್ಯಾರ್ಥಿಗಳ ರಿಸಲ್ಟ್ ನೋಡಲು ಕೂತವಳು ಸುಮ್ಮನೆ ವಿಂಡ್‌ಸರ್ಫಿಂಗ್ ಎಂದು ಟೈಪ್ ಮಾಡಿದೆ. ಹವಾಯಿ, ಗ್ರೀಸು, ಮಾರಿಷಸ್ಸು ಎಲ್ಲ ಬಂತು. ನಮಗೆಲ್ಲಿಯ ಹವಾಯಿ! ಕೆಳಗೆ ಹೋಗುತ್ತಾ ಹೋಗುತ್ತಾ ನೋಡುತ್ತೇನೆ, ರಾಮೇಶ್ವರ! ಅದೇ, ನಮ್ಮ ರಾಮೇಶ್ವರ! ನಾವೆಲ್ಲ ಮರೆತೇಬಿಟ್ಟಿದ್ದೇವೆ, ಅದೊಂದು ದ್ವೀಪ. ಗಾಳಿಗೆ ಬರವಿಲ್ಲದ ದ್ವೀಪ. ಅಲ್ಲಿ ಒಬ್ಬ ನಿವೃತ್ತ ನೌಕಾಪಡೆಯವರು ಸಣ್ಣ ಕ್ಯಾಂಪು ನಡೆಸುತ್ತಾರಂತೆ. ಹಲಗೆ, ಹಾಯಿ, ಲೈಫ್ ಜಾಕೆಟ್ಟು ಎಲ್ಲ ಅವರದೇ. ಫೋನ್ ಮಾಡಿದೆ. ಆಷಾಢ ಮುಗಿಯುವುದರೊಳಗೆ ಬನ್ನಿ, ಆಮೇಲೆ ಕ್ಯಾಂಪು ಎತ್ತಿಬಿಡುತ್ತೇನೆ ಎಂದರು. ಮೈಸೂರಿನಿಂದ ಮಧುರೈಗೆ ರೈಲು, ಅಲ್ಲಿಂದ ಬಸ್ಸು. ನಮ್ಮನೆಯವರೂ ಬರುತ್ತೇನೆ ಎಂದರು. ಟಿಕೆಟ್ಟೂ ಆಯಿತು. ಕನ್ನಡಿ ಮುಂದೆ ನಿಂತು, ಮಂಡಿ ಬಗ್ಗಿಸಿ, ಪೊರಕೆಯನ್ನೇ ಹಾಯಿ ಮಾಡಿಕೊಂಡು ಪ್ರಾಕ್ಟೀಸೂ ಶುರುಮಾಡಿದೆ. (ನಗಬೇಡಿ.)

ಎಡವಟ್ಟಾಗಿದ್ದು ಅರಕಲಗೂಡಿನಲ್ಲಿ.

ನಮ್ಮತ್ತೆ ಇರುವುದು ಅಲ್ಲೇ. ಹೊಗೆಸೊಪ್ಪು, ಜೋಳ, ಶುಂಠಿ ಎಲ್ಲ ಈಗಲೂ ಅವರೇ ನಿಂತು ನೋಡಿಕೊಳ್ಳುತ್ತಾರೆ. ಗಟ್ಟಿ ಹೆಂಗಸು. ಒಂದು ಭಾನುವಾರ ಹೋದಾಗ ಜಗಲಿಯಲ್ಲಿ ಕೂತು ಹುರುಳಿ ಕೇರುತ್ತಿದ್ದರು. ಮುಚ್ಚಿಡುವುದೇಕೆ ಎಂದು ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ.

"ಅತ್ತೆ, ನಾವು ರಾಮೇಶ್ವರಕ್ಕೆ ಹೋಗ್ತಾ ಇದ್ದೀವಿ. ಅಲ್ಲಿ ಸಮುದ್ರದಲ್ಲಿ ಒಂದು ಹಲಗೆ ಮೇಲೆ ನಿಂತ್ಕೊಂಡು ಹಾಯಿ ಹಿಡ್ಕೋಬೇಕು. ಮೊದಮೊದಲು ನೀರಿಗೆ ಬಿದ್ದುಬಿಡ್ತೀವಿ. ಮತ್ತೆ ಹತ್ತಬೇಕು. ಮತ್ತೆ ಬೀಳ್ತೀವಿ."

ಅತ್ತೆ ಮೊರ ಕೆಳಗಿಟ್ಟರು. ಕಣ್ಣು ತುಂಬಿ ಬಂದಿತ್ತು.

"ಎಷ್ಟು ಸಲ ಬೀಳ್ಬೇಕಂತವ್ವ?"

"ಲೆಕ್ಕ ಏನಿಲ್ಲ ಅತ್ತೆ. ಸರಿಯಾಗಿ ನಿಲ್ಲೋಕೆ ಬರೋ ತನಕ."

"ಅಯ್ಯೋ ನನ್ನವ್ವ! ಎಂಥಾ ಕಠಿಣದ ಅರಕೆ ಒತ್ಕಂಡಿದ್ದೀಯೇ ತಾಯಿ!"

ನೋಡಿ, ಉರುಳುಸೇವೆ, ಹೆಜ್ಜೆ ನಮಸ್ಕಾರ, ಬಾಯಿಬೀಗ, ಎಲ್ಲವನ್ನೂ ಕಂಡ ಜೀವ ಅದು. ಮಕ್ಕಳಿಲ್ಲದ ಸೊಸೆ ರಾಮೇಶ್ವರದ ಸಮುದ್ರದಲ್ಲಿ ಲೆಕ್ಕವಿಲ್ಲದಷ್ಟು ಸಲ ಬೀಳುತ್ತೇನೆ ಎಂದರೆ ಅವರಿಗೆ ಬೇರೆ ಇನ್ನೇನು ಹೊಳೆಯಬೇಕು? ಇದು ಹರಕೆ ಅಲ್ಲ ಅತ್ತೆ, ಆಟ ಎಂದು ನಾನು ಹೇಳಿದೆ. ಎರಡು ಸಲ ಹೇಳಿದೆ. ಅವರು ಅಷ್ಟರಲ್ಲಿ ಮಗನ ಕಡೆ ತಿರುಗಿಯಾಗಿತ್ತು.

"ಲೇ ಮಂಜ, ಅವಳೊಬ್ಳೇ ಯಾಕ್ಲಾ ಬೀಳ್ಬೇಕು? ನೀನೂ ಬೀಳು. ಗಂಡ ಎಂಡ್ರು ಇಬ್ರೂ ಬಿದ್ರೆ ದ್ಯಾವ್ರು ಬ್ಯಾಗ ಕಣ್ ಬುಡ್ತಾನೆ."

ನಮ್ಮನೆಯವರು ಏನು ಹೇಳಿದರು ಗೊತ್ತಾ? "ಆಯ್ತು ಬುಡವ್ವ."

ವಾಪಸು ಬರುವಾಗ ಬಸ್ಸಿನಲ್ಲಿ ಜಗಳ. "ನಿಮಗೇನು ಬಾಯಿ ಇಲ್ವಾ? ಹರಕೆ ಅಲ್ಲ ಅಂತ ಹೇಳೋಕೆ ಏನಾಗಿತ್ತು?"

"ಸುಮ್ನಿರೆ. ಅವರು ಏನಾದ್ರೂ ಅಂದ್ಕೊಳ್ಳಲಿ. ಅಮ್ಮ ಒಪ್ಪಿದ್ರು, ರಜ ಸಿಕ್ತು, ನಿಂಗೆ ಹೋಗೋದು ತಾನೆ ಮುಖ್ಯ? ಇನ್ನೇನು ಬೇಕು?"

ನಿಜ ಹೇಳಬೇಕೆಂದರೆ ಅನುಕೂಲವೇ ಆಗಿತ್ತು. ಎದುರು ಮನೆಯವರು ತಾವಾಗಿಯೇ ಬಂದು ಗಿಡಕ್ಕೆ ನೀರು ಹಾಕುತ್ತೇವೆ ಎಂದರು. ಸ್ಟಾಫ್‌ರೂಮಿನಲ್ಲಿ ನನ್ನ ಕ್ಲಾಸುಗಳನ್ನು ಹಂಚಿಕೊಳ್ಳಲು ಪೈಪೋಟಿ. ದಿನಾ ಬಸ್ಸಿನಲ್ಲಿ ಜೊತೆಗೆ ಬರುವ ಟೀಚರೊಬ್ಬರು ಬೆಳ್ಳಿಯ ನಾಗರ ಕಟ್ಟಿಕೊಟ್ಟು, ನಮ್ಮ ಹೆಸರಿನಲ್ಲೂ ಹುಂಡಿಗೆ ಹಾಕಿಬಿಡಿ ಎಂದರು. ಇಡೀ ಜಿಲ್ಲೆ ನನ್ನನ್ನು ಎತ್ತಿಕೊಂಡು ಹೋಗಿ ಸಮುದ್ರಕ್ಕೆ ಬಿಡಲು ತಯಾರಾಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಮುಚ್ಚಿಕೊಳ್ಳುತ್ತಿದ್ದೆನೋ ಏನೋ. ಅಷ್ಟರಲ್ಲಿ ಚನ್ನರಾಯಪಟ್ಟಣದಿಂದ ಗೌರಕ್ಕನ ಫೋನ್ ಬಂತು. ಗೌರಕ್ಕ ಎಂದರೆ ನಮ್ಮನೆಯವರ ಅಕ್ಕ. ಅವರು ಫೋನ್ ಮಾಡುವುದು ಮಾತಾಡಲು ಅಲ್ಲ, ತೀರ್ಮಾನ ತಿಳಿಸಲು.

"ಅಲ್ಲಾ ಕಣೆ, ನಿಂಗೆ ಬುದ್ಧಿ ಬ್ಯಾಡ್ವಾ? ಆಸಾಡದಾಗೆ ಯಾರಾದ್ರೂ ಇಂಥ ಕೆಲ್ಸಕ್ಕೆ ಒಂಡ್ತಾರಾ? ಅಯ್ನೋರ್ನ ಕೇಳ್ದೆ. ಸ್ರಾವಣದಾಗೆ ಒಳ್ಳೆ ದಿನ ಅದಂತೆ. ನಾಗರ ಪ್ರತಿಷ್ಠೆನೂ ಮಾಡಿಸ್ಬುಡಾವ. ಟೆಂಪೊ ಯೋಳಿವ್ನಿ, ಎಲ್ರೂ ಓಗಾನ. ನಿಮ್ಮ ಟಿಕೀಟು ಕ್ಯಾನ್ಸಲ್ ಮಾಡ್ಸಿ."

ಶ್ರಾವಣದಲ್ಲಿ ಕ್ಯಾಂಪಿಲ್ಲ. ಶ್ರಾವಣದಲ್ಲಿ ಹಲಗೆ ಇಲ್ಲ, ಹಾಯಿ ಇಲ್ಲ, ಕಲಿಸುವವರಿಲ್ಲ. ಟೆಂಪೊ ಇದೆ. ಟೆಂಪೊ ತುಂಬ ಜನ ಇದ್ದಾರೆ. ಎಲ್ಲರೂ ಸೇರಿ ನನ್ನ ಕೈ ಹಿಡಿದು ದೇವಸ್ಥಾನದ ಇಪ್ಪತ್ತೆರಡು ತೀರ್ಥದ ಬಾವಿಗಳ ನೀರು ನನ್ನ ತಲೆಯ ಮೇಲೆ ಸುರಿಸುತ್ತಾರೆ. ಅದಕ್ಕೆ ನಾನು ಗೊರೂರಿನಿಂದ ಇಷ್ಟು ವರ್ಷ ಕಾದಿದ್ದೆನಾ?

ಮುಂದಿನ ಭಾನುವಾರ ಅರಕಲಗೂಡಿನಲ್ಲಿ ಎಲ್ಲರೂ ಸೇರಿದರು. ಯಾರು ಯಾವ ಸೀಟು, ಅವಲಕ್ಕಿ ಎಷ್ಟು ಕಟ್ಟಿಕೊಳ್ಳಬೇಕು, ಬರುತ್ತಾ ಇನ್ನೆಲ್ಲಿಗೆ ಹೋಗಿಬರಬಹುದು ಎಂದೆಲ್ಲ ಮಾತು. ನನ್ನ ಹೆಸರಿನಲ್ಲಿ ನಡೆಯುತ್ತಿರುವ ಯಾತ್ರೆ. ನನ್ನನ್ನು ಬಿಟ್ಟು ಎಲ್ಲರನ್ನೂ ಕೇಳುತ್ತಿದ್ದಾರೆ. ನಮ್ಮನೆಯವರು ತಲೆ ಬಗ್ಗಿಸಿಕೊಂಡು ರೊಟ್ಟಿ ತಿನ್ನುತ್ತಿದ್ದರು.

ಎದ್ದು ನಿಂತೆ.

"ನಾನು ಮಕ್ಕಳಿಗೋಸ್ಕರ ಹೋಗ್ತಾ ಇಲ್ಲ. ಯಾವ ಹರಕೆನೂ ಹೊತ್ತಿಲ್ಲ. ನಾನು ಆಟ ಆಡೋಕೆ ಹೋಗ್ತಾ ಇದ್ದೀನಿ. ನನಗೆ ಇಷ್ಟ, ಅದಕ್ಕೆ. ಆಷಾಢದಲ್ಲೇ ಹೋಗ್ತೀನಿ. ಗಾಳಿ ಇರೋದು, ಕ್ಯಾಂಪಿರೋದು ಆವಾಗ್ಲೇ."

ಹಿತ್ತಿಲಲ್ಲಿ ಕಟ್ಟಿದ್ದ ಎಮ್ಮೆ ಒಂದು ಸಲ ಕೂಗಿತು.

ಆಮೇಲೆ ಗೌರಕ್ಕನ ಯಜಮಾನರು, ಅಂದರೆ ನಮ್ಮ ಬಾವ, ಗಂಟಲು ಸರಿಮಾಡಿಕೊಂಡರು. "ಆಟ ಆಡೋ ವಯಸ್ಸೇನಮ್ಮ ಇದು? ಹೆಣ್ಮಕ್ಕಳಿಗೆ ಇದೆಲ್ಲ ಚೆಂದ ಕಾಣ್ಸುತ್ತಾ?"

ಈ ಬಾವನ ಬಗ್ಗೆ ಹೇಳಬೇಕು. ಪ್ರತಿ ವರ್ಷ ಸ್ನೇಹಿತರ ಜೊತೆ ಗೋವಾಕ್ಕೆ ಹೋಗುತ್ತಾರೆ. ಹೋದ ಸಲ ಅಲ್ಲಿ ದೋಣಿಗೆ ಕಟ್ಟಿದ ಪ್ಯಾರಾಚೂಟಿನಲ್ಲಿ ಹಾರಿದ್ದರಂತೆ. ಹೊಟ್ಟೆಗೆ ಬೆಲ್ಟು ಬಿಗಿದುಕೊಂಡು ಆಕಾಶದಲ್ಲಿ ನೇತಾಡುತ್ತಿರುವ ಅವರ ಫೋಟೋ ನಡುಮನೆಯಲ್ಲಿ ಫ್ರೇಮು ಹಾಕಿಸಿ ಇಟ್ಟಿದ್ದಾರೆ. ನನಗೆ ತಡೆಯಲಾಗಲಿಲ್ಲ.

"ಬಾವ, ನೀವು ಗೋವಾಕ್ಕೆ ಯಾವ ಹರಕೆಗೆ ಹೋಗಿದ್ರಿ?"

ಗೌರಕ್ಕ ಸಿಡಿದರು. "ಗಂಡಸ್ರಿಗೂ ನಿಂಗೂ ಒಂದೇ ಏನೇ? ನೋಡ್ಲಾ ಮಂಜ, ನಿನ್ ಎಂಡ್ರು ಆಡೋ ಮಾತ!"

ಆಗ ನಮ್ಮನೆಯವರು ತಲೆ ಎತ್ತಿದರು. ಈಗಲಾದರೂ ನನ್ನ ಪರವಾಗಿ ಒಂದು ಮಾತು ಬರುತ್ತದೆ ಎಂದು ಕಾದೆ. ಬಂತು. "ಬೇಜಾರ್ ಮಾಡ್ಕೋಬ್ಯಾಡ ಬುಡಕ್ಕ. ಅವಳಿಗೆ ಈಚೆಗೆ ವಸಿ ಟೆನ್ಷನ್ನು."

ಟೆನ್ಷನ್ನಂತೆ! ಇವರ ಬಾಯಿಗೆ ಇಷ್ಟು ಹಾಕಾ! ಮಕ್ಕಳ ವಿಷಯ ಸಾಕು ಎಂದು ನನ್ನ ಜೊತೆ ಕೂತು ತೀರ್ಮಾನ ಮಾಡಿದ್ದ ಮನುಷ್ಯ ಇವರೇ ತಾನೆ? ಅಕ್ಕನ ಮುಂದೆ ಆ ಒಂದು ವಾಕ್ಯ ಹೇಳಲು ನಾಲಿಗೆ ಏಳುವುದಿಲ್ಲ. ಹೆಂಡತಿಗೆ ಕಾಯಿಲೆ ಕಟ್ಟಲು ಏಳುತ್ತದೆ. ಅತ್ತೆ ಎದ್ದು ಒಳಗೆ ಹೋದರು. ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಹೇಗಿದ್ದರೂ ಗುಟ್ಟು ಬಿಟ್ಟುಕೊಟ್ಟಾಯಿತಲ್ಲ, ಸೋಮವಾರ ಕಾಲೇಜಿನಲ್ಲೂ ಹೇಳಿಬಿಟ್ಟೆ. ಪ್ರಿನ್ಸಿಪಾಲರು ಈ ಸಲ ಕೂತೇ ಕೇಳಿದರು. ಕನ್ನಡಕ ಮೂಗಿನ ತುದಿಗೆ ಬಂದಿತ್ತು.

"ಆಟಕ್ಕಾ? ಹಾಗಾದ್ರೆ ಯೋಚನೆ ಮಾಡಬೇಕಾಗತ್ತೆ. ಮುಂದಿನ ವಾರ ಟೆಸ್ಟ್ ಇದೆಯಲ್ಲ ಮೇಡಂ."

"ನೀವು ಸಹಿ ಹಾಕಿದಾಗ್ಲೂ ಟೆಸ್ಟ್ ಇತ್ತಲ್ಲ ಸಾರ್?"

"ಅದು ಬೇರೆ. ಅದು ದೇವರ ಕೆಲಸ. ಇವತ್ತು ನೀವು ಆಟ ಅಂತೀರಿ, ನಾಳೆ ಇನ್ನೊಬ್ಬರು ಸಿನಿಮಾ ಅಂತಾರೆ. ಅಲ್ದೆ ಆ ನೀರಲ್ಲಿ, ಆ ಡ್ರೆಸ್ಸಲ್ಲಿ... ಸ್ಟೂಡೆಂಟ್ಸ್ ಏನು ತಿಳ್ಕೋತಾರೆ?"

ಸ್ಟೂಡೆಂಟ್ಸ್ ಏನು ತಿಳಿದುಕೊಳ್ಳುತ್ತಾರೆ? ನಮ್ಮ ಮೇಡಂಗೆ ನೀರಿನ ಮೇಲೆ ನಿಲ್ಲಲು ಬರುತ್ತದೆ ಎಂದು ತಿಳಿದುಕೊಳ್ಳುತ್ತಾರೆ! ರಜೆ ನನ್ನ ಲೆಕ್ಕದಲ್ಲಿದೆ ಸಾರ್, ನಾನು ಹೋಗುತ್ತೇನೆ, ನೀವು ಬೇಕಾದ ಕ್ರಮ ತಗೊಳ್ಳಿ ಎಂದು ಹೇಳಿ ಹೊರಗೆ ಬಂದೆ. ಸಂಜೆ ಎದುರು ಮನೆಯವರು, ಗಿಡಕ್ಕೆ ನೀರು ಹಾಕಲು ನಮಗೆ ಪುರುಸೊತ್ತಾಗಲ್ಲ ಎಂದರು. ಬೆಳ್ಳಿ ನಾಗರವನ್ನು ಆ ಟೀಚರು ಬಸ್ಸಿನಲ್ಲೇ ವಾಪಸು ಕೇಳಿ ತೆಗೆದುಕೊಂಡರು. ರಾತ್ರಿ ಊಟಕ್ಕೆ ಕೂತಾಗ ನಮ್ಮನೆಯವರು, ಅಮ್ಮನ ಮುಖ ನೋಡೋಕಾಗ್ತಿಲ್ಲ, ನಾನು ಬರಲ್ಲ ಎಂದರು. ಬರಬೇಡಿ ಎಂದೆ.

ಸ್ವಲ್ಪ ಕೂತು ಯೋಚಿಸಿ ಹೇಳಿ. ನಮ್ಮ ಕಡೆ ಹೆಂಗಸರು ಊರು ಬಿಟ್ಟು ಹೋಗುವುದು ಯಾವುದಕ್ಕೆ? ಮದುವೆಗೆ, ಬಾಣಂತನಕ್ಕೆ, ತಿಥಿಗೆ, ಆಸ್ಪತ್ರೆಗೆ. ಇಲ್ಲವೇ ದೇವರಿಗೆ. ದೇವರಿಗೆ ಹೋದರೂ ಗಂಡನ ಆಯಸ್ಸು, ಮಗನ ಪರೀಕ್ಷೆ, ಮಗಳ ಮದುವೆ ಎಂದು ಯಾರದ್ದಾದರೂ ಕೆಲಸ ಹೊತ್ತುಕೊಂಡೇ ಹೋಗಬೇಕು. ಸಮುದ್ರಕ್ಕೆ ಬಿದ್ದು ಒದ್ದಾಡುತ್ತೇನೆ ಎಂದರೆ ಆರತಿ ಎತ್ತುತ್ತಾರೆ. ಬಿದ್ದು ನಗುತ್ತೇನೆ ಎಂದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅದೇ ಊರು, ಅದೇ ಸಮುದ್ರ, ಅದೇ ಬೀಳುವುದು. ನೋವಾದರೆ ಪುಣ್ಯ, ಖುಷಿಯಾದರೆ ಪಾಪ. ಯಾವ ದೇವರು ಹೀಗೆ ಹೇಳಿದ್ದಾನೆ? ನನಗಂತೂ ಹೇಳಿಲ್ಲ.

ಇಷ್ಟಕ್ಕೇ ನಿಲ್ಲಿಸಿ ಪೇಪರಿಗೆ ಕಳಿಸಬೇಕೆಂದಿದ್ದೆ. ಗುರುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆಗೆದು ನೋಡಿದರೆ ಅತ್ತೆ! ಅರಕಲಗೂಡಿನಿಂದ ಒಬ್ಬರೇ ಬಸ್ಸು ಹತ್ತಿ ಬಂದಿದ್ದಾರೆ. ಮಗ ಆಫೀಸಿಗೆ ಹೋಗಿರುವ ಹೊತ್ತು ನೋಡಿಕೊಂಡೇ ಬಂದಿದ್ದಾರೆ. ಬೈಸಿಕೊಳ್ಳಲು ಸಿದ್ಧಳಾಗಿ ಕಾಫಿ ಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟರು.

"ಮಗ ಬ್ಯಾಡ್ವವ್ವ ನಿಂಗೆ?"

"ಬೇಕಾಗಿತ್ತು ಅತ್ತೆ. ಆಗಲಿಲ್ಲ. ಅತ್ತಿದ್ದೂ ಆಯ್ತು. ಸಾಕು ಅಂತ ನಾವಿಬ್ರೂ ಅಂದ್ಕೊಂಡು ತುಂಬ ವರ್ಷ ಆಯ್ತು. ನಿಮ್ಮ ಮಗ ನಿಮಗೆ ಹೇಳಿಲ್ಲ."

"ಅವ್ನು ಯಾವ್ದು ಯೋಳ್ತಾನೆ ಬುಡು." ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ತಾವಾಗಿಯೇ ಶುರುಮಾಡಿದರು. "ನಾನೂ ಓಗಿದ್ದೆ ಕಣವ್ವ ರಾಮೇಸ್ವರಕ್ಕೆ. ಗೌರಿ ಆದ್ಮೇಲೆ ಗಂಡಾಗ್ಲಿಲ್ಲ ಅಂತ ನಿಮ್ಮಾವ, ಅವರವ್ವ ಎಲ್ಲಾ ಸೇರ್ಕಂಡು ಕರ್ಕಂಡೋದ್ರು. ಆಪಾಟಿ ದೂರ ಓಗಿ, ಜುಟ್ಟು ಇಡ್ಕಂಡು ಮೂರು ಮುಳುಗು ಮುಳುಗ್ಸುದ್ರು. ಕಣ್ಣು ಬುಡೋಕ್ ಮುಂಚೆನೇ ಎಳ್ಕಂಡು ಬಂದ್ಬುಟ್ರು. ಕಣ್ಣಾಗೆಲ್ಲಾ ಉಪ್ಪುನೀರು. ವಸಿ ಒತ್ತು ಕುಂತ್ಕತೀನಿ ಅಂದೆ. ಬಂದಿರೋದು ಕುಂತ್ಕಳಾಕಾ ಅಂದ್ರು ನಮ್ಮತ್ತೆ. ಸಮುದ್ರ ಎಂಗದೆ ಅಂತ ನಾನು ಇವತ್ತುಗಂಟ ಕಾಣೆ."

ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ಕುಡಿದು ಮುಗಿಸಿದರು.

"ಮಂಜ ಬರಾಕಿಲ್ವಂತಲ್ಲ. ಅವನ ಟಿಕೀಟ್ನಾಗೆ ನಾನು ಬತ್ತೀನಿ. ನೀನು ಎಷ್ಟಾದ್ರೂ ಬೀಳವ್ವ. ನಾನು ದಡದಾಗೆ ಕುಂತ್ಕಂಡು ಸಮುದ್ರ ನೋಡ್ತೀನಿ."

ಅವರ ಹೆಸರಿಗೇ ಬೇರೆ ಟಿಕೆಟ್ ಮಾಡಿಸುತ್ತೇನೆ ಎಂದೆ. ಅಳು, ನಗು ಎರಡೂ ಒಟ್ಟಿಗೇ ಬಂತು. ಅವರ ಕೈ ಹಿಡಿದುಕೊಂಡೆ. ಶುಂಠಿ ಕಿತ್ತೂ ಕಿತ್ತೂ ಕಲ್ಲಾದ ಕೈ. ಆಗ ಅವರು, ಮನೆಯಲ್ಲಿ ನಾವಿಬ್ಬರೇ ಇದ್ದರೂ, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಆದ್ರೆ ಗೌರಿ ಮುಂದೆ, ಮಂಜನ ಮುಂದೆ ಬಾಯಿ ಬುಡ್ಬ್ಯಾಡ. ದ್ಯಾವ್ರಿಗೆ ಓಯ್ತೀನಿ ಅಂತ್ಲೇ ಯೋಳ್ತೀನಿ. ಸಮುದ್ರ ನೋಡಾಕೆ ಅಂದ್ರೆ, ಮುದ್ಕಿಗೆ ತಲೆ ಕೆಟ್ಟದೆ ಅಂತಾರೆ ಕಣವ್ವ."

ಇಳಿದಿದ್ದ ಸಿಟ್ಟು ಮತ್ತೆ ನೆತ್ತಿಗೇರಿತು. ಅತ್ತೆಯ ಮೇಲಲ್ಲ. ಎಪ್ಪತ್ತು ದಾಟಿದ ಹೆಂಗಸು. ಮಕ್ಕಳನ್ನು ದಡ ಮುಟ್ಟಿಸಿದವರು, ಗಂಡ ಹೋದ ಮೇಲೆ ಜಮೀನು ಉಳಿಸಿದವರು, ಆಳು ಕಾಳಿಗೆಲ್ಲ ದಬಾಯಿಸಿ ಕೆಲಸ ಹೇಳುವವರು. ತಮಗೆ ಬೇಕಾದ್ದನ್ನು ಹೇಳುವಾಗ ಮಾತ್ರ ಕಳ್ಳರ ಹಾಗೆ ಬಾಗಿಲು ನೋಡುತ್ತಾರೆ.

(ಇದನ್ನೆಲ್ಲ ಪೇಪರಿನಲ್ಲಿ ಬರೆಯಲಾ ಎಂದು ಅವರನ್ನು ಕೇಳಿಯೇ ಬರೆದಿದ್ದೇನೆ. "ನಾವು ಅಲ್ಲಿಗೆ ಓದ್ಮೇಲೆ ಬರಂಗೆ ಬರ್ಕೊ" ಎಂದರು. ನೀವು ಓದುವ ಹೊತ್ತಿಗೆ ನಾವಿಬ್ಬರೂ ದ್ವೀಪ ಸೇರಿರುತ್ತೇವೆ. ಗೌರಕ್ಕಾ, ಇನ್ನು ನೀವು ಎಷ್ಟು ಬೇಕಾದರೂ ಕೂಗಾಡಿ.)

ಸುಮ್ಮನೆ ಒಂದು ಸಲ ಸಮುದ್ರ ನೋಡಬೇಕು ಎಂದು ಮನೆಯವರ ಮುಂದೆ ಬಾಯಿಬಿಟ್ಟು ಹೇಳಲು ಹೆಂಗಸಿಗೆ ಇನ್ನೆಷ್ಟು ವಯಸ್ಸಾಗಬೇಕ್ರೀ?